ಪಂಚಕಲ್ಯಾಣಿಯ ಕಾಲು

ನಾಲ್ಕು ಕಾಲುಗಳೂ ಗೊರಸಿನಿಂದ ಮೇಲಕ್ಕೆ ಒಂದು ಗೇಣಿನಷ್ಟು ಬೆಳ್ಳಗಿದ್ದು, ಹಣೆಯಿಂದ ಮೂಗಿನವರೆಗೆ ಬಿಳಿಯ ಪಟ್ಟೆಯೊಂದು ಇಳಿದಿರುವ ಕುದುರೆಯನ್ನು ಪಂಚಕಲ್ಯಾಣಿ ಎಂದು ಕರೆಯುವುದು ರೂಢಿ. ಐದು ಕಡೆಗಳಲ್ಲಿ ಮಂಗಳವನ್ನು ಹೊತ್ತ ಪ್ರಾಣಿ ಎಂಬುದು ಆ ಹೆಸರಿನ ಅಭಿಪ್ರಾಯ. ಅರಸನ ಸವಾರಿಗೆ, ದೇವರ ಉತ್ಸವಕ್ಕೆ, ಈಚಿನ ದಿನಗಳಲ್ಲಿ ಮದುಮಗನ ಮೆರವಣಿಗೆಗೆ ಅದಕ್ಕಿಂತ ಪ್ರಶಸ್ತವಾದುದು ಇಲ್ಲವೆಂದು ಹೇಳುವವರುಂಟು. ವಿಚಿತ್ರವೆಂದರೆ, ಇಂಗ್ಲೆಂಡಿನ ಹಳ್ಳಿಗಾಡಿನ ಕುದುರೆ ವ್ಯಾಪಾರಿಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ನಂಬಿಕೆಯೊಂದು ಬಹುಕಾಲದಿಂದ ಬಳಕೆಯಲ್ಲಿತ್ತು. ಬಿಳಿಯ ಕಾಲು ಒಂದಿದ್ದರೆ ಕೊಳ್ಳಬಹುದು, ಸಂಖ್ಯೆ ಹೆಚ್ಚಿದಷ್ಟೂ ಸಂಶಯಪಡಬೇಕು, ನಾಲ್ಕೂ ಬಿಳಿಯಾಗಿದ್ದರೆ ಅದರ ಗೊಡವೆಯೇ ಬೇಡ ಎಂಬುದು ಅಲ್ಲಿಯ ಲೆಕ್ಕ. ಒಂದೇ ಲಕ್ಷಣ ಒಂದು ನಾಡಿನಲ್ಲಿ ಕಲ್ಯಾಣ, ಇನ್ನೊಂದು ನಾಡಿನಲ್ಲಿ ಹೊರೆ. ಈ ಭೇದಕ್ಕೆ ಕಾರಣವೇನಿರಬಹುದೆಂದು ಡೊಂಬಿವಲಿಯ ನಿವೃತ್ತ ಕನ್ನಡ ಮಾಸ್ತರರೊಬ್ಬರು ತಮ್ಮ ಎಪ್ಪತ್ತೇಳನೆಯ ವಯಸ್ಸಿನವರೆಗೆ ಯೋಚಿಸಿದವರಲ್ಲ. 2023ರ ಮಳೆಗಾಲದಲ್ಲಿ ಯೋಚಿಸಬೇಕಾಗಿ ಬಂತು.

ಮಾಸ್ತರರು ಕುಂದಾಪುರದ ಕಡೆಯವರು. ಮುಂಬಯಿಯಲ್ಲಿ ಹಗಲು ಒಂದು ಕಚೇರಿಯ ಗುಮಾಸ್ತಿಕೆ, ಸಂಜೆ ಏಳರಿಂದ ಹತ್ತರವರೆಗೆ ಕನ್ನಡ ರಾತ್ರಿಶಾಲೆಯ ಪಾಠ, ಹೀಗೆ ಮೂವತ್ತು ವರ್ಷ ಕಳೆದವರು. ಹೋಟೆಲಿನ ಮಾಣಿಗಳು, ಕ್ಯಾಂಟೀನಿನ ಹುಡುಗರು, ಗಿರಣಿಯಿಂದ ನೇರವಾಗಿ ಬಂದು ಬೆಂಚಿನ ಮೇಲೆಯೇ ತೂಕಡಿಸುವವರು, ಇವರೆಲ್ಲ ಅವರ ಶಿಷ್ಯರು. 1984ರ ಸುಮಾರಿಗೆ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಬಂದ ಹದಿನೈದು ವರ್ಷದ ಹುಡುಗನೊಬ್ಬ ಆ ಶಾಲೆಯಲ್ಲಿ ಎರಡು ವರ್ಷ ಕಲಿತು, ಅಕ್ಷರ ತಿದ್ದಿ, ಊರಿಗೆ ಪತ್ರ ಬರೆಯುವಷ್ಟು ಕೈ ಕುದುರಿದ ಮೇಲೆ ಬಿಟ್ಟುಹೋದ. ಹೋಟೆಲಿನ ಉಪ್ಪಿಟ್ಟಿನ ತಟ್ಟೆ ಎತ್ತುವುದಕ್ಕಿಂತ ಅಪೋಲೋ ಬಂದರಿನ ಬಳಿ ವಿಕ್ಟೋರಿಯಾ ಗಾಡಿಯ ಕುದುರೆಗೆ ಖರಾರಾ ತಿಕ್ಕುವುದು ಅವನಿಗೆ ಹಿತವಾಗಿ ಕಂಡಿತು. ಅವನ ಅಜ್ಜ ಊರಿನಲ್ಲಿ ಲಾಳ ಕಟ್ಟುತ್ತಿದ್ದವನು. ಉತ್ತರ ಕರ್ನಾಟಕದಲ್ಲಿ ನಾಲಬಂದ ಎಂಬ ಅಡ್ಡಹೆಸರೇ ಇದೆಯಲ್ಲ, ಆ ಕಸುಬಿನ ಮನೆತನ.

ಮುಂಬಯಿಯ ಆ ಗಾಡಿಗಳು ಕಾನೂನುಬಾಹಿರವೆಂದು ಹೈಕೋರ್ಟು 2015ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಲಾಯಗಳ ಸ್ಥಿತಿ ಕಂಡವರಾರೂ ಆ ತೀರ್ಪನ್ನು ಅನ್ಯಾಯವೆನ್ನಲಾರರು. ಆದರೆ ಕುದುರೆಯನ್ನು ಬಿಟ್ಟು ಬೇರೇನೂ ತಿಳಿಯದವನಿಗೆ ನ್ಯಾಯವೂ ಒಂದು ಸಂಕಟವೇ. ಶಿಷ್ಯ ಹೆಂಡತಿಯ ತವರಾದ ಮಾಥೆರಾನಕ್ಕೆ ಹೋಗಿ ಮಾವನ ಪರವಾನಗಿಯ ನೆರಳಿನಲ್ಲಿ ನೆಲೆನಿಂತ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಗಿರಿಧಾಮದಲ್ಲಿ ನಾನೂರಕ್ಕೂ ಹೆಚ್ಚು ಕುದುರೆಗಳು ಪ್ರವಾಸಿಗಳನ್ನು ಹೊತ್ತು ಬದುಕುತ್ತವೆ ಮತ್ತು ಮನೆಗಳನ್ನು ಬದುಕಿಸುತ್ತವೆ. 2022ರಲ್ಲಿ ಮಾವನ ಹಳೆಯ ಕುದುರೆ ಸತ್ತಾಗ ಹೊಸದನ್ನು ಕೊಳ್ಳುವ ಪ್ರಸಂಗ ಬಂತು. ಎರಡು ಹೆಣ್ಣು ಕುದುರೆಗಳು ಮಾರಾಟಕ್ಕಿದ್ದವು. ಒಂದು ಮೈಯೆಲ್ಲ ಕಂದು, ಅರವತ್ತೈದು ಸಾವಿರ. ಇನ್ನೊಂದು ಅದೇ ವಯಸ್ಸಿನದೇ, ಆದರೆ ಕಾಲು ನಾಲ್ಕೂ ಬಿಳಿ, ಮುಖಕ್ಕೆ ಬಿಳಿಯ ಪಟ್ಟೆ, ಎಂಬತ್ತು ಸಾವಿರ. ಶಿಷ್ಯ ಮಾಸ್ತರರಿಗೆ ಫೋನು ಮಾಡಿ, “ಸರ, ನಾಕೂ ಕಾಲ ಬೆಳ್ಳಗ ಅದಾವ. ಪುಸ್ತಕದಾಗ ಏನರೆ ಹೇಳ್ಯಾರೇನ್ರಿ?” ಎಂದು ಕೇಳಿದ.

ಕೇಳಿದ್ದು ಕನ್ನಡ ಮಾಸ್ತರರನ್ನು. ಅವರು ಉತ್ತರವನ್ನು ಅರ್ಧ ಗಂಟೆ ಹೇಳಿದರು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೆಯ ಶತಮಾನದಲ್ಲಿ ಗೋವೈದ್ಯವನ್ನು ಕನ್ನಡದಲ್ಲಿ ಬರೆದದ್ದು, ಸುಮಾರು 1400ರಲ್ಲಿ ಅಭಿನವಚಂದ್ರ ಅಶ್ವವೈದ್ಯವನ್ನು ಬರೆದದ್ದು, ಅವಕ್ಕೆಲ್ಲ ಹಿಂದೆ ಶಾಲಿಹೋತ್ರನ ಹೆಸರಿನ ಸಂಸ್ಕೃತ ಪರಂಪರೆ ನಿಂತಿರುವುದು, ಸುಳಿ, ಬಣ್ಣ, ದನಿ, ನಡೆಗಳ ಲಕ್ಷಣ, ಕೊನೆಗೆ ಪಂಚಕಲ್ಯಾಣಿ. “ಪುಣ್ಯವಂತರಿಗೆ ಸಿಗುವ ಕುದುರೆ ಮಾರಾಯ” ಎಂದು ಮುಗಿಸಿದರು. ಶಿಷ್ಯ ಹದಿನೈದು ಸಾವಿರ ಹೆಚ್ಚು ಸಾಲ ಮಾಡಿ ಬಿಳಿಗಾಲಿನದನ್ನೇ ತಂದು ಕಲ್ಯಾಣಿ ಎಂದು ಹೆಸರಿಟ್ಟ.

ಇಲ್ಲಿ ಒಂದು ಮಾತನ್ನು ಹೇಳಬೇಕು. ಕನ್ನಡನಾಡು ಕುದುರೆಗಾಗಿ ಸುರಿದ ಹಣಕ್ಕೆ ಲೆಕ್ಕವಿಲ್ಲ. ಅರಬ್ಬೀ ದೇಶದಿಂದ, ಹೊರ್ಮುಜಿನಿಂದ ಕುದುರೆಗಳು ಕಡಲ ಮೇಲೆ ಬಂದು ಪಡುವಣ ಬಂದರುಗಳಲ್ಲಿ ಇಳಿಯುತ್ತಿದ್ದವು. ವಿಜಯನಗರದ ಸಾಳುವ ನರಸಿಂಹನು ಸಾಗರದಲ್ಲಿ ಸತ್ತ ಕುದುರೆಗೂ ಬಾಲವನ್ನು ತಂದು ತೋರಿಸಿದರೆ ಬೆಲೆ ಕೊಡುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ, 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಇನ್ನಷ್ಟು ಕಟುವಾದ ಸಂಗತಿಯನ್ನು ಹೇಳುತ್ತಾನೆ. ಅಲ್ಲಿಯ ಅರಸರು ಸಾವಿರಾರು ಕುದುರೆಗಳನ್ನು ಕೊಂಡರೂ ಅವುಗಳ ಆರೈಕೆ ಬಲ್ಲವರು ಇಲ್ಲದೆ ವರ್ಷದೊಳಗೆ ಬಹುಪಾಲು ಸಾಯುತ್ತಿದ್ದವಂತೆ. ಮಾರುವ ವರ್ತಕರು ತಮ್ಮ ಕಡೆಯ ಕುದುರೆ ವೈದ್ಯರು ಈ ಕಡೆಗೆ ಬರದಂತೆ ನೋಡಿಕೊಳ್ಳುತ್ತಿದ್ದರಂತೆ. ಕುದುರೆ ಸತ್ತಷ್ಟೂ ವ್ಯಾಪಾರ. ಪೋಲೋನ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟಿದ್ದರೂ ಅದರೊಳಗೊಂದು ಮುಳ್ಳು ಇದೆ. ಶಾಸ್ತ್ರಗ್ರಂಥಗಳಲ್ಲಿ ಲಕ್ಷಣವೂ ಇತ್ತು, ಚಿಕಿತ್ಸೆಯೂ ಇತ್ತು. ಜನರ ಬಾಯಲ್ಲಿ ಉಳಿದದ್ದು ಕೊಳ್ಳುವವನಿಗೆ ಬೇಕಾದ ಲಕ್ಷಣದ ಭಾಗ. ಸಾಕುವವನಿಗೆ ಬೇಕಾದ ಚಿಕಿತ್ಸೆಯ ಭಾಗ ಓಲೆಗರಿಯಲ್ಲೇ ಉಳಿಯಿತು. ಮಾಸ್ತರರೂ ಫೋನಿನಲ್ಲಿ ಹೇಳಿದ್ದು ಮೊದಲನೆಯದನ್ನೇ.

2023ರ ಜುಲೈ ಎರಡನೆಯ ವಾರದಲ್ಲಿ ಬೆಳಗಿನ ಆರು ಗಂಟೆಗೆ ಫೋನು ಬಂತು.

“ಸರ, ಕಲ್ಯಾಣಿ ಕಾಲ ಊರವಲ್ದರಿ. ನಾಕೂ ಕಾಲ ಕೆಟ್ಟಾವ.”

ಮಾಸ್ತರರು ಕರ್ಜತ್ ಲೋಕಲಿನಲ್ಲಿ ನೇರಳಕ್ಕೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ದಸ್ತೂರಿಯವರೆಗೆ ಏರಿ, ಅಲ್ಲಿಂದ ಕೊಡೆ ಹಿಡಿದು ನಡೆದರು. ಸಮುದ್ರಮಟ್ಟದಿಂದ ಸುಮಾರು ಎಂಟುನೂರು ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯ ಮಣ್ಣು ಕುಂದಾಪುರದ ಮುರಕಲ್ಲಿನ ಮಣ್ಣಿನಂತೆಯೇ ಕೆಂಪು. ಜುಲೈನಲ್ಲಿ ಅದು ಮಣ್ಣಾಗಿ ಉಳಿಯುವುದಿಲ್ಲ, ರಾಡಿಯಾಗಿ ಹರಿಯುತ್ತದೆ. ಮಳೆಗಾಲದಲ್ಲಿ ನೇರಳದಿಂದ ಏರುವ ಪುಟ್ಟ ರೈಲು ನಿಂತು ಅಮನ್ ಲಾಜ್‌ನಿಂದ ಮೇಲಿನ ಪುಟ್ಟ ಓಡಾಟವಷ್ಟೆ ಉಳಿಯುವುದರಿಂದ ಕುದುರೆಗಳಿಗೆ ಭಾನುವಾರಗಳಲ್ಲಿ ಬಿಡುವಿಲ್ಲ; ಮಳೆ ನೋಡಲೆಂದೇ ಬರುವ ಮುಂಬಯಿಯ ಜನ ಬಿಳಿಗಾಲಿನ ಕುದುರೆಯ ಮೇಲೆ ಕುಳಿತು ಪಟ ತೆಗೆಸಿಕೊಳ್ಳುತ್ತಾರೆ. ಕಲ್ಯಾಣಿಯ ಬಿಳಿಯ ಕಾಲುಗಳನ್ನು ಬಿಳಿಯಾಗಿಡುವುದಕ್ಕೆ ಶಿಷ್ಯ ಪ್ರತಿ ಸವಾರಿಯ ನಂತರ ಪೈಪಿನಿಂದ ತೊಳೆಯುತ್ತಿದ್ದ. ಒಣಗಿಸುವ ಮಾತೇ ಇರಲಿಲ್ಲ. ಆ ಗಾಳಿಯಲ್ಲಿ ಮನುಷ್ಯರ ಅಂಗಿಯೇ ನಾಲ್ಕು ದಿನಕ್ಕೂ ಒಣಗದು.

ಲಾಯದಲ್ಲಿ ಕಂಡದ್ದು ಹೀಗಿತ್ತು. ಗೊರಸಿನ ಮೇಲಕ್ಕೆ, ಕಾಲಿನ ಹಿಂಬದಿಯಲ್ಲಿ ಒಂದು ಕುಳಿಯಂಥ ಮಡಿಕೆ ಇರುತ್ತದೆ. ನೀರು ಮೊದಲು ನಿಲ್ಲುವುದೂ ಕೊನೆಗೆ ಆರುವುದೂ ಅಲ್ಲೇ. ಆ ಕುಳಿಯಿಂದ ಆರಂಭಿಸಿ ಗೆಣ್ಣಿನವರೆಗೆ ಕೂದಲು ಜಡೆಜಡೆಯಾಗಿ ಅಂಟಿಕೊಂಡು, ಅದರಡಿಯಲ್ಲಿ ಕಂದುಬಣ್ಣದ ಹೊಪ್ಪಳೆ ಕಟ್ಟಿತ್ತು. ಹೊಪ್ಪಳೆಯೊಂದು ತಾನಾಗಿ ಕಳಚಿಬಿದ್ದ ಕಡೆ ಚರ್ಮ ಎಳೆಯ ಗುಲಾಬಿಯಾಗಿ, ಕೆನೆಯಂಥ ಕೀವಿನಿಂದ ಒದ್ದೆಯಾಗಿತ್ತು. ಬಿದ್ದ ಹೊಪ್ಪಳೆಯನ್ನು ಮಗುಚಿ ನೋಡಿದರೆ ಒಳಮೈಯಿಂದ ಕೂದಲ ಬುಡಗಳು ಬಣ್ಣದ ಕುಂಚದ ಹಾಗೆ ಎದ್ದು ನಿಂತಿದ್ದವು. ಕಂದುಕೂದಲು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಗೆ ರೋಗ ಹೆಚ್ಚುಕಡಿಮೆ ನಿಂತುಹೋಗಿತ್ತು, ಗೆರೆ ಎಳೆದ ಹಾಗೆ. ಮೇಲೆಲ್ಲ ಅರಿಶಿನ ಕಲಸಿದ ಸಾಸಿವೆ ಎಣ್ಣೆಯ ಲೇಪ. ಎಡಗಡೆಯ ಹಿಂಗಾಲು ಮಿಕ್ಕ ಮೂರಕ್ಕಿಂತ ಹೆಚ್ಚು ಊದಿತ್ತು.

ಈ ಕಾಯಿಲೆ ಊದಿದ ಕಾಲಿನದೊಂದೇ ಆಗಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ನೆರೆಯ ಲಾಯದವರು ಒಂದು ಹೆಸರನ್ನು ಪಿಸುಗುಟ್ಟತೊಡಗಿದ್ದರು: ಗ್ಲ್ಯಾಂಡರ್ಸ್. ಅದು ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಬ್ಯಾಕ್ಟೀರಿಯಾ ರೋಗ. ಮನುಷ್ಯರಿಗೂ ಅಂಟಿ ಕೊಲ್ಲಬಲ್ಲದು. ಅದರ ಚರ್ಮದ ರೂಪದಲ್ಲಿ ಸಾಮಾನ್ಯವಾಗಿ ಹಿಂಗಾಲಿನ ಒಳಮೈಯಲ್ಲಿ ಗಂಟುಗಳು ಮಣಿಸರದಂತೆ ಸಾಲಾಗಿ ಎದ್ದು, ಒಡೆದು, ಜೇನಿನಂಥ ಕೀವು ಸುರಿಸುತ್ತವೆ. ದೇಶದಲ್ಲಿ ಅಡಗಿದಂತಿದ್ದ ಅದು 2006ರಲ್ಲಿ ಮಹಾರಾಷ್ಟ್ರವೂ ಸೇರಿದಂತೆ ಮತ್ತೆ ಕಾಣಿಸಿಕೊಂಡಿತು. 2009ರ ಕಾಯಿದೆಯ ಪ್ರಕಾರ ಅದನ್ನು ಸರಕಾರಕ್ಕೆ ತಿಳಿಸಲೇಬೇಕು. ರಕ್ತಪರೀಕ್ಷೆಯಲ್ಲಿ ದೃಢಪಟ್ಟರೆ ಚಿಕಿತ್ಸೆಯಿಲ್ಲ, ಪ್ರಾಣಿಯನ್ನು ಕೊಂದು ಆಳವಾಗಿ ಹೂಳಬೇಕು. ಶಿಷ್ಯನಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದುದೇ ತೊಂದರೆಯಾಗಿತ್ತು.

“ಡಾಕ್ಟರಿಗೆ ಹೇಳಿದರ ರಕ್ತಾ ತಗೀತಾರ್ರಿ ಸರ. ರಕ್ತದಾಗ ಅದ ಬಂತಂದ್ರ ಸೂಜಿ ಚುಚ್ಚಿ ಮಣ್ಣ ಮಾಡತಾರ. ಸಾಲಾ ಯಾರ ತೀರಸಬೇಕು? ಎಂಟ ದಿನ ಎಣ್ಣಿ ಹಚ್ಚಿ ನೋಡತೇನಿ.”

ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ಕೈ ತೋರಿಸು” ಎಂದರು. ಕಡಿವಾಣ ಹಿಡಿದು ಬಿರಿದ ಬೆರಳುಗಳು. ಎರಡು ಕಡೆ ಚರ್ಮ ಸೀಳಿತ್ತು. “ಇದೇ ಕೈಯಿಂದ ಆ ಕೀವು ಒರೆಸುತ್ತೀ. ಇದೇ ಕೈಯಿಂದ ಮೊಮ್ಮಗಳಿಗೆ ಉಣಿಸುತ್ತೀ. ಅದು ಆ ರೋಗವೇ ಆಗಿದ್ದರೆ ಎಂಟು ದಿನ ಕಾಯುವವನು ನೀನೊಬ್ಬನೇ ಅಲ್ಲ.” ಶಿಷ್ಯ ತಲೆತಗ್ಗಿಸಿ ನಿಂತ. ಮಾಸ್ತರರಿಗೂ ಒಳಗೊಳಗೇ ಒಂದು ತಪ್ಪಿತಸ್ಥ ಭಾವ. ಹದಿನೈದು ಸಾವಿರದ ಪಂಚಕಲ್ಯಾಣಿ ಅವರ ಬಾಯಿಂದಲೇ ಹೊರಟದ್ದಲ್ಲವೆ? ಅರ್ಧ ಗಂಟೆಯ ಆ ಉಪನ್ಯಾಸದಲ್ಲಿ ಬಿಳಿಯ ಕೂದಲಿನ ಅಡಿಯ ಚರ್ಮ ಬಣ್ಣಗೇಡಾಗಿರುತ್ತದೆ, ಒದ್ದೆಗೂ ಬಿಸಿಲಿಗೂ ಬೇಗ ಸೋಲುತ್ತದೆ ಎಂಬ ಒಂದೇ ಒಂದು ವಾಕ್ಯವಿರಲಿಲ್ಲ. ಅವರಿಗೆ ಅದು ತಿಳಿದೇ ಇರಲಿಲ್ಲ. ಇಂಗ್ಲೆಂಡಿನ ವ್ಯಾಪಾರಿಗಳು ಆ ಕೆಸರಿನ ನಾಡಿನಲ್ಲಿ ಬಿಳಿಗಾಲನ್ನು ಕಂಡರೆ ಹಿಂಜರಿದದ್ದು ಬಹುಶಃ ಇದಕ್ಕೇ ಇರಬೇಕೆಂದು ಅವರಿಗೆ ಆ ಲಾಯದ ಬಾಗಿಲಲ್ಲಿ ಹೊಳೆಯಿತು.

ತಾಲೂಕಿನಿಂದ ಪಶುವೈದ್ಯರು ಮರುದಿನ ಬಂದರು. ನಡುವಯಸ್ಸಿನ ಮರಾಠಿ ಗೃಹಸ್ಥ, ಮಾತು ಕಡಿಮೆ. ಕಾಲಿಗೆ ಕೈಹಾಕುವ ಮೊದಲು ಕೈಗವಸು ತೊಟ್ಟು ಮೂಗಿನ ಹೊಳ್ಳೆಗಳನ್ನು ನೋಡಿದರು, ಸುರಿತವಿರಲಿಲ್ಲ, ಹುಣ್ಣಿರಲಿಲ್ಲ. ಹಿಂಗಾಲಿನ ಒಳಮೈಯನ್ನು ಬೆರಳಿನಿಂದ ಒತ್ತುತ್ತ ತೊಡೆಯವರೆಗೆ ಹೋದರು. ಮಣಿಸರದಂಥ ಗಂಟು ಸಿಕ್ಕಲಿಲ್ಲ. ಆದರೂ ರಕ್ತ ತೆಗೆದರು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನ ಕೇಂದ್ರಕ್ಕೆ ಕಳಿಸುವುದಾಗಿಯೂ, ವರದಿ ಬರುವವರೆಗೆ ಕುದುರೆ ಲಾಯ ಬಿಟ್ಟು ಹೊರಡಬಾರದೆಂದೂ ಹೇಳಿದರು. ಆಮೇಲೆ ಕೆಸರುಹುಣ್ಣಿನ ವಿಷಯಕ್ಕೆ ಬಂದರು.

ಅವರು ಹೇಳಿದ್ದನ್ನು ಒಟ್ಟುಗೂಡಿಸಿದರೆ ಇಷ್ಟು. ಕುದುರೆಯ ಕಾಲಿನ ಕೆಳಭಾಗದ ಹುಣ್ಣು ಒಂದೇ ರೋಗವಲ್ಲ, ಹಲವು ರೋಗಗಳು ಒಂದೇ ಜಾಗದಲ್ಲಿ ತೊಡುವ ಒಂದೇ ವೇಷ. ದುಂಡಗೆ ಕೂದಲುದುರಿ ಹುಡಿಯೆದ್ದರೆ ಅದು ಹುಳುಕಡ್ಡಿ, ಅದು ಸಾಮಾನ್ಯವಾಗಿ ಜೀನಿನ ಪಟ್ಟಿ ತಗಲುವ ಕಡೆ ಆರಂಭವಾಗುತ್ತದೆ. ರಾತ್ರಿಯಿಡೀ ಕಾಲು ಕುಟ್ಟುತ್ತಿದ್ದರೆ, ಗೋಡೆಗೆ ಉಜ್ಜುತ್ತಿದ್ದರೆ ನುಸಿಹುಳುಗಳನ್ನು ಶಂಕಿಸಬೇಕು. ಕಾಲಿಗೆ ಜೂಲಿನಂಥ ಉದ್ದ ಕೂದಲಿರುವ ಹೊರದೇಶದ ಭಾರೀ ತಳಿಗಳಿಗೆ ಅದರ ಕಾಟ ಹೆಚ್ಚು. ಬಿಸಿಲಿಗೆ ಮೈಯೊಡ್ಡುವ ಹೊರಮಗ್ಗುಲಿನಲ್ಲಿ ಮಾತ್ರ, ಬಿಳಿಯ ಚರ್ಮದಲ್ಲಿ ಮಾತ್ರ ನೋವಿನ ಹುಣ್ಣೆದ್ದರೆ ಅದು ಬೆಳಕಿನಿಂದ ಬಂದದ್ದು. ಅದಕ್ಕೆ ತೊಳೆಯುವುದಕ್ಕಿಂತ ನೆರಳೇ ಮುಖ್ಯ, ಕೆಲವೊಮ್ಮೆ ಯಕೃತ್ತು ಕೆಟ್ಟಿದೆಯೇ ಎಂದೂ ನೋಡಬೇಕಾಗುತ್ತದೆ. ಜುಲೈನ ಮಾಥೆರಾನದಲ್ಲಿ ಬಿಸಿಲಿನ ಮಾತು ಆಡುವಂತಿರಲಿಲ್ಲ. ಹಿಂಬದಿಯ ಕುಳಿ, ಕುಂಚದಂಥ ಹೊಪ್ಪಳೆ, ತುರಿಕೆಗಿಂತ ನೋವು ಹೆಚ್ಚು, ಒದ್ದೆ, ಬಿಳಿಗಾಲು, ಇವೆಲ್ಲ ಕೂಡಿದರೆ ಡರ್ಮಟೊಫಿಲಸ್ ಎಂಬ ಜೀವಾಣುವಿನ ಕಡೆಗೇ ಬೊಟ್ಟು ಮಾಡುತ್ತವೆ. ಹೊಪ್ಪಳೆಯ ಒಳಮೈಯನ್ನು ಗಾಜಿನ ಪಟ್ಟಿಗೆ ಒತ್ತಿ ಅವರು ಮಾದರಿ ತೆಗೆದುಕೊಂಡರು.

1915ರಲ್ಲಿ ಆಗಿನ ಬೆಲ್ಜಿಯನ್ ಕಾಂಗೋದಲ್ಲಿ ವಾನ್ ಸಾಸೆಗೆಮ್ ಎಂಬವರು ದನಗಳ ಚರ್ಮದಲ್ಲಿ ಕಂಡು ಮೊದಲು ವಿವರಿಸಿದ ಈ ಜೀವಾಣು ಸೂಕ್ಷ್ಮದರ್ಶಕದ ಅಡಿಯಲ್ಲಿ ಕಾಣುವ ರೀತಿ ಮರೆಯಲಾಗದ್ದು. ದುಂಡಗಿನ ಕಣಗಳು ಎರಡೆರಡಾಗಿ, ಜೋಡಿಸಾಲಾಗಿ, ರೈಲುಹಳಿಯಂತೆ ಸಾಗುತ್ತವೆ. (ಪುಟ್ಟ ರೈಲಿನ ಊರಿಗೆ ಒಪ್ಪುವ ರೋಗವೆಂದು ಮಾಸ್ತರರು ಮನಸ್ಸಿನಲ್ಲೇ ಅಂದುಕೊಂಡರು, ಹೇಳಲಿಲ್ಲ.) ಒಣಗಿದ ಹೊಪ್ಪಳೆಯಲ್ಲಿ ಅದು ತಿಂಗಳುಗಟ್ಟಲೆ ಸುಮ್ಮನೆ ಮಲಗಿರಬಲ್ಲದು. ನೀರು ಸೋಕಿದೊಡನೆ ಬಾಲವುಳ್ಳ ಬೀಜಕಣಗಳಾಗಿ ಹೊರಬಂದು ಈಜುತ್ತದೆ. ಗಟ್ಟಿಯಾದ ಆರೋಗ್ಯವಂತ ಚರ್ಮವನ್ನು ತೂರಲು ಅದಕ್ಕೆ ಶಕ್ತಿಯಿಲ್ಲ. ನೆನೆದು ಮೆತ್ತಗಾದ ಇಲ್ಲವೆ ತರಚಿದ ಚರ್ಮ ಬೇಕು. ಎಂದಮೇಲೆ ಪ್ರತಿ ಸವಾರಿಯ ನಂತರದ ಆ ಪೈಪಿನ ಸ್ನಾನ ಶುಚಿಯಾಗಿರಲಿಲ್ಲ, ಆಹ್ವಾನವಾಗಿತ್ತು. ಎಣ್ಣೆಯ ಲೇಪ ಒದ್ದೆಯನ್ನೂ ಜೀವಾಣುವನ್ನೂ ಒಳಗೇ ಮುಚ್ಚಿಟ್ಟು ಬಾಗಿಲು ಹಾಕಿಕೊಂಡಿತ್ತು. ಶಿಷ್ಯನ ಮುಖ ನೋಡಿ ವೈದ್ಯರು, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದರು. ಅದು ಸಮಾಧಾನವೋ ಆಕ್ಷೇಪವೋ ತಿಳಿಯುವಂತಿರಲಿಲ್ಲ.

ಚಿಕಿತ್ಸೆಯಲ್ಲಿ ಔಷಧಕ್ಕಿಂತ ತಾಳ್ಮೆ ಹೆಚ್ಚು. ಮೊದಲು ಕತ್ತರಿಯಿಂದ ಕಾಲಿನ ಕೂದಲನ್ನು ಗಿಡ್ಡವಾಗಿ ತೆಗೆಯಬೇಕು. ಎಣ್ಣೆಯನ್ನು ಮೃದುವಾದ ಸಾಬೂನಿನಿಂದ ಬಿಡಿಸಬೇಕು. ಉಗುರುಬೆಚ್ಚಗಿನ ನೀರಿಗೆ ಕ್ಲೋರ್‌ಹೆಕ್ಸಿಡೀನ್ ಬೆರೆಸಿ ಹತ್ತಿಯಿಂದ ಹೊಪ್ಪಳೆಗಳಿಗೆ ಹಚ್ಚಿ ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಈ ಹತ್ತು ನಿಮಿಷವನ್ನು ಯಾರೂ ಬಿಡುವುದಿಲ್ಲವೆಂಬುದೇ ವೈದ್ಯರ ದೊಡ್ಡ ದೂರು. ನೆನೆದು ತಾನಾಗಿ ಸಡಿಲವಾದ ಹೊಪ್ಪಳೆಯನ್ನಷ್ಟೇ ತೆಗೆಯಬೇಕು. ಒಣಗಿದ್ದನ್ನು ಕಿತ್ತರೆ ಕುದುರೆಗೆ ಪ್ರಾಣಹಿಂಸೆ, ಒದೆತ ತಿಂದವನಿಗೂ ಕಡಿಮೆಯಲ್ಲ. ತೆಗೆದದ್ದನ್ನು ನೆಲಕ್ಕೆ ಚೆಲ್ಲದೆ ಸುಡಬೇಕು. ತೊಳೆದ ಮೇಲೆ ಒಣಬಟ್ಟೆಯಿಂದ ಒತ್ತಿ ಒತ್ತಿ, ಆ ಹಿಂಬದಿಯ ಕುಳಿಯವರೆಗೂ ನೀರು ಹೀರಬೇಕು. ಬಳಿಕ ನಿತ್ಯ ತೊಳೆಯುವುದೂ ಬೇಡ. ಹುಣ್ಣು ಒಣಗುತ್ತ ಬಂದಂತೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಮುಂದೆ ಕೆಲಸಕ್ಕಿಳಿದಾಗ ಕೆಸರು ಮೆತ್ತಿದರೆ ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸುವುದು. ಜಿಂಕಿನ ಮುಲಾಮು ಹಚ್ಚುವುದಿದ್ದರೆ ಗುಣವಾಗಿ ಒಣಗಿದ ಚರ್ಮಕ್ಕೆ, ಕೆಲಸಕ್ಕೆ ಹೊರಡುವ ಮುನ್ನ. ಊದಿದ ಕಾಲಿಗಾಗಿ ಐದು ದಿನದ ಚುಚ್ಚುಮದ್ದನ್ನೂ ವೈದ್ಯರು ಬರೆದುಕೊಟ್ಟರು. ಕೊನೆಗೆ, ಪ್ರತಿದಿನ ಯಾವ ಕಾಲು ಹೇಗಿದೆಯೆಂದು ಬರೆದಿಡಬೇಕು ಎಂದರು.

ಬರೆಯುವುದೆಂದರೆ ಶಿಷ್ಯನಿಗೆ ಕನ್ನಡ. ಮರಾಠಿ ಬಾಯಲ್ಲಿದೆ, ಕೈಯಲ್ಲಿಲ್ಲ. ಅವನು ಮೊಮ್ಮಗಳ ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಂಡ.

ಮಾಸ್ತರರು ಡೊಂಬಿವಲಿಗೆ ಮರಳಿ, ಮನೆಯಲ್ಲಿದ್ದ ಆರು ಹಳೆಯ ಹತ್ತಿಯ ಪಂಚೆಗಳನ್ನು ಕಳಿಸಿಕೊಟ್ಟರು. ಒಗೆದು ಒಗೆದು ಮೆತ್ತಗಾದ ಹತ್ತಿಯಷ್ಟು ನೀರು ಹೀರುವ ವಸ್ತು ಬೇರೆ ಇಲ್ಲ. ಅಮ್ಮನವರು, “ಮದುವೆಯ ಪಂಚೆಯನ್ನೂ ಹಾಕಿದಿರಾ?” ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

ಹಿಸಾರಿನ ವರದಿಗಾಗಿ ಕಾದ ದಿನಗಳು ಆ ಮನೆಯಲ್ಲಿ ಹೇಗೆ ಕಳೆದವೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಭಾನುವಾರದ ಗಳಿಕೆ ಹೋಯಿತು. ನೆರೆಯವರು ತಮ್ಮ ಬಕೆಟ್ಟುಗಳನ್ನು ಬೇರೆಮಾಡಿಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಶಿಷ್ಯನ ಹೆಂಡತಿ ಮೊಮ್ಮಗಳನ್ನು ಕೆಳಗೆ ನೇರಳದ ಬಂಧುಗಳ ಮನೆಗೆ ಬಿಟ್ಟುಬಂದಳು. ಹನ್ನೊಂದನೆಯ ದಿನ ಸಂಜೆ ವೈದ್ಯರ ಫೋನು ಬಂತು: ರಕ್ತದಲ್ಲಿ ಏನೂ ಇಲ್ಲ. ಅವರ ಗಾಜಿನ ಪಟ್ಟಿಯಲ್ಲಿ ಮಾತ್ರ ರೈಲುಹಳಿ ಸ್ಪಷ್ಟವಾಗಿ ಕಂಡಿತ್ತು. ಶಿಷ್ಯ ಮಾಸ್ತರರಿಗೆ ಸುದ್ದಿ ಹೇಳಲು ಫೋನು ಮಾಡಿ ಮಾತೇ ಆಡಲಾರದೆ ಇಟ್ಟುಬಿಟ್ಟ. ಅವರಿಗೆ ಅರ್ಥವಾಯಿತು.

ಆಗಸ್ಟ್ ನಡುವಿನಲ್ಲಿ ವೈದ್ಯರು ಮತ್ತೆ ಬರುವ ದಿನ ಮಾಸ್ತರರೂ ಹೋದರು. ಲಾಯದ ನೆಲಕ್ಕೆ ಹಲಗೆ ಹಾಸಿ ಮೇಲೆ ಒಣಹುಲ್ಲು ಹರಡಿತ್ತು. ಮುಂಗಾಲುಗಳೆರಡೂ ಬಲ ಹಿಂಗಾಲೂ ಚೊಕ್ಕಟವಾಗಿ ಮಾಗಿದ್ದವು. ಹೊಸ ಕೂದಲು ಹುಲ್ಲಿನ ಮೊಳಕೆಯ ಹಾಗೆ ಮೂಡಿತ್ತು. ಎಡ ಹಿಂಗಾಲಿನ ಊತ ಇಳಿದಿದ್ದರೂ ಹುಣ್ಣು ಮಾತ್ರ ಮಾಗುವುದಿರಲಿ, ರೂಪಾಯಿಯಗಲ ಹೆಚ್ಚಾಗಿತ್ತು. ಅದೇ ನೀರು, ಅದೇ ಔಷಧ, ಅದೇ ಕೈ. ವೈದ್ಯರು ನೋಟುಪುಸ್ತಕ ಕೇಳಿದರು, ತೆರೆದು ನೋಡಿ ನಕ್ಕು ಮಾಸ್ತರರ ಕೈಗಿತ್ತರು. ಮಾಸ್ತರರು ಓದಿ ಓದಿ ಮರಾಠಿಯಲ್ಲಿ ಹೇಳತೊಡಗಿದರು.

ಮೊದಲ ವಾರ ನಾಲ್ಕು ಕಾಲಿಗೂ ಒಂದೇ ಮಾತು: ಹೊಪ್ಪಳಿ ಬಿದ್ದಾವ, ಕಿವು ಐತಿ. ಎರಡನೆಯ ವಾರದಿಂದ ದಾರಿ ಕವಲೊಡೆಯುತ್ತದೆ. ಮೂರು ಕಾಲು ಒಣಗ್ಯಾವ. ಎಡಗಾಲಿಗೆ ನೊಣ ಬಾಳ. ಎಡಗಾಲು ಹಲ್ಲಿಂದ ಕಡಕೊಂಡೇತಿ. ರಾತ್ರಿ ಕಡಕೊಂಡೇತಿ. ಗಾಯದಾಗ ಅಕ್ಕಿನುಚ್ಚಿನಂಥಾ ಹಳದಿ ಕಾಳು ಬಂದಾವ, ತಿಕ್ಕಿದರ ಮರಳಿನಂಗ ಸಪ್ಪಳ. ಇಲ್ಲಿಗೆ ಬಂದಾಗ ವೈದ್ಯರು ಕೈಯೆತ್ತಿ ಮಾಸ್ತರರನ್ನು ನಿಲ್ಲಿಸಿದರು. ಕುದುರೆಯನ್ನು ಹೇಗೆ ಕಟ್ಟುತ್ತೀ ಎಂದು ಶಿಷ್ಯನನ್ನು ಕೇಳಿದರು. ಅಗಾಡಿ, ಪಿಛಾಡಿ, ಮುಂದೆ ಕೊರಳ ಹಗ್ಗ, ಹಿಂದೆ ಕಾಲಿನ ಹಗ್ಗ. ಹಿಂದಿನದು ಯಾವ ಕಾಲಿಗೆ? ಎಡಗಾಲಿಗೆ.

ಒದ್ದೆಯಾದ ಹಗ್ಗ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ತಿಕ್ಕಿ ಗಾಯವಾಗಿತ್ತು. ಕೆಸರುಹುಣ್ಣು ಅದನ್ನು ಮರೆಮಾಡಿತ್ತು. ಗಾಯದ ಮೇಲೆ ಕೂತ ನೊಣ ಮತ್ತೊಂದನ್ನು ತಂದಿಟ್ಟಿತ್ತು. ಕುದುರೆಯ ಜಠರದಲ್ಲಿ ವಾಸಿಸುವ ಒಂದು ಜಾತಿಯ ಹುಳುವಿನ ಸಂತತಿ ಲದ್ದಿಯೊಡನೆ ಹೊರಬಂದು, ಆ ಲದ್ದಿಯಲ್ಲಿ ಹುಟ್ಟುವ ನೊಣದ ಮರಿಯ ಹೊಟ್ಟೆ ಸೇರಿ, ನೊಣ ಬೆಳೆದು ಹಾರಿ ಒದ್ದೆ ಗಾಯದ ಮೇಲೆ ಕುಳಿತಾಗ ಅಲ್ಲಿ ಇಳಿಯುತ್ತದೆ. ಜಠರಕ್ಕೆ ಹೋಗಬೇಕಾದದ್ದು ದಾರಿತಪ್ಪಿ ಚರ್ಮದಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ದೇಹ ಅದರ ಸುತ್ತ ಮಾಂಸ ಬೆಳೆಸಿ ಹಳದಿಯ ಹರಳು ಕಟ್ಟುತ್ತದೆ. ಮಳೆಯೊಡನೆ ಬಂದು ಚಳಿಯೊಡನೆ ಅಡಗಿ ಮರುವರ್ಷ ಮತ್ತೆ ಏಳುವ ಈ ಹುಣ್ಣನ್ನು ಉತ್ತರ ಹಿಂದುಸ್ಥಾನದ ಸಾಯಿಸರು ಬರಸಾತಿ ಎಂದರು, ಹರಳುಗಳನ್ನು ಕಂಕರ ಎಂದರು. 19ನೆಯ ಶತಮಾನದ ಬ್ರಿ‍ಟಿಷ್ ಸೈನ್ಯದ ಪಶುವೈದ್ಯರು ಈ ಎರಡೂ ಮಾತುಗಳನ್ನು ಲಾಯದಿಂದಲೇ ಎತ್ತಿಕೊಂಡು ಇಂಗ್ಲಿಷಿನ ವೈದ್ಯಗ್ರಂಥಗಳಿಗೆ ಸೇರಿಸಿದರು. ಅಕ್ಷರವಿಲ್ಲದ ಸಾಯಿಸನೊಬ್ಬ ಕಣ್ಣಿಂದ ಕಂಡು ಇಟ್ಟ ಹೆಸರು ಪರದೇಶದ ಶಾಸ್ತ್ರಕ್ಕೆ ಪಾರಿಭಾಷಿಕವಾಯಿತು. ನಿಘಂಟಿನ ಕೆಲಸ ಮಾಡುವವರು ಈ ಪದಗಳ ಪಯಣವನ್ನು ಗಮನಿಸಬೇಕು.

ಇದೇ ಬಗೆಯ ಹರಳು ಕಟ್ಟುವ ಇನ್ನೊಂದು ರೋಗವುಂಟು. ನಿಂತ ನೀರಿನ ಬೂಷ್ಟಿನಂಥ ಜೀವಿಯಿಂದ ಬರುವ ಅದು ಬೇಗ ಹಬ್ಬುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಬಗ್ಗುವುದು ಅಪರೂಪ. ಅದಕ್ಕಾಗಿ ವೈದ್ಯರು ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು, ಅದೃಷ್ಟವಶಾತ್ ಅದಾಗಿರಲಿಲ್ಲ. ಐವರ್‌ಮೆಕ್ಟಿನ್ ಕೊಟ್ಟು, ಹರಳುಗಳನ್ನು ತೆಗೆದು, ನೊಣ ಕೂರದಂತೆ ಪಟ್ಟಿ ಕಟ್ಟಿದರು. ಲದ್ದಿಯನ್ನು ದಿನಕ್ಕೆರಡು ಸಲ ದೂರ ಸಾಗಿಸಬೇಕು, ಕಾಲಿನ ಹಗ್ಗ ಬಿಡಬೇಕು. ಶಿಷ್ಯನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯದು. ಅಜ್ಜನ ಕಾಲದಿಂದ ಕಟ್ಟಿಬಂದ ಹಗ್ಗ.

ಅಕ್ಟೋಬರ್ 24ರ ದಸರೆಗೆ ಮಾಸ್ತರರು ದಂಪತಿಸಮೇತ ಹೋದರು. ಮಳೆ ಹಿಂದೆಗೆದು ಬೆಟ್ಟದ ಮಣ್ಣು ಮತ್ತೆ ನೆಲವಾಗಿತ್ತು. ಕುದುರೆಗಳಿಗೆಲ್ಲ ಅಂದು ಚೆಂಡುಹೂವಿನ ಮಾಲೆ. ಕಲ್ಯಾಣಿ ವಾರದಿಂದ ಹಗುರದ ಸವಾರಿಗೆ ಹೊರಡುತ್ತಿದ್ದಳು. ಎಡಗಾಲಿನ ಗೆಣ್ಣಿನ ಕೆಳಗೆ ಕೂದಲಿಲ್ಲದ ಒಂದು ಕಲೆ ಉಳಿದಿತ್ತು. ಮುಂದಿನ ಮಳೆಗೆ ಅದು ಮತ್ತೆ ಏಳಬಹುದೆಂದು ವೈದ್ಯರು ಎಚ್ಚರಿಸಿದ್ದರು. ಸಾಲದಲ್ಲಿ ಮೂರು ಕಂತು ತಪ್ಪಿತ್ತು. ಶಿಷ್ಯನ ಹೆಂಡತಿ ಪಂಚೆಗಳನ್ನು ಕುದಿಸಿ ಒಗೆದು ಮಡಿಸಿ ತಂದಿಟ್ಟಳು. ಐದು ಇದ್ದವು. ಇನ್ನೊಂದು ಲಾಯದ ಗೂಟದಲ್ಲಿ ನೇತಾಡುತ್ತಿತ್ತು, ಅದು ಇಲ್ಲೇ ಇರಲಿ ಎಂದು ಅಮ್ಮನವರೇ ಹೇಳಿದರು.

ಊಟವಾದ ಮೇಲೆ ಶಿಷ್ಯ ನೋಟುಪುಸ್ತಕವನ್ನು ಮಾಸ್ತರರ ಮುಂದಿಟ್ಟ. ಜುಲೈಯಿಂದ ಆ ದಿನದವರೆಗೆ ಒಂದು ದಿನವೂ ಬಿಟ್ಟಿರಲಿಲ್ಲ. ರಾತ್ರಿಶಾಲೆಯ ಕೋಲುಕೋಲು ಅಕ್ಷರ ಹಾಗೆಯೇ ಇತ್ತು. ಪುಟಪುಟದಲ್ಲೂ ಕೀವು ಎಂಬುದನ್ನು ಅವನು ಕಿವು ಎಂದೇ ಬರೆದಿದ್ದ. 1985ರಲ್ಲಿಯೂ ದೀರ್ಘವೆಂದರೆ ಅವನಿಗೆ ಆಗುತ್ತಿರಲಿಲ್ಲ. ಮಾಸ್ತರರ ಕೈ ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಮುಚ್ಚಳ ತೆಗೆದರು. ಮತ್ತೆ ಹಾಕಿ ಜೇಬಿಗೆ ಸೇರಿಸಿ, ಹಾಳೆ ತಿರುವಿ, “ನಿನ್ನೆಯ ದಿನ ಯಾಕೆ ಎರಡು ಸಲ ಬರೆದಿದ್ದೀ?” ಎಂದು ಕೇಳಿದರು.

“ಸಂಜೀಮುಂದ ಒಂದ ನೊಣ ಕೂತಿತ್ರಿ ಸರ, ಅದಕ್ಕ” ಎಂದ ಶಿಷ್ಯ.